ಪ್ರವಾಸದ ಬಸ್ಸು ಗೊತ್ತು ಮಾಡುವ ಮುನ್ನ: ಚಾಲಕರ ನಿದ್ದೆಗೂ ಜಾಗವಿರುವ ವೇಳಾಪಟ್ಟಿ ಸಿದ್ಧಪಡಿಸುವುದು ಹೇಗೆ?

ಪ್ರವಾಸಕ್ಕೆ ಬಸ್ಸು ಗೊತ್ತು ಮಾಡುವವರು ಬಾಡಿಗೆ ಎಷ್ಟು, ಸೀಟು ಎಷ್ಟು, ಎಸಿ ಇದೆಯೇ, ಟಿವಿ ಕೆಲಸ ಮಾಡುತ್ತದೆಯೇ ಎಂದೆಲ್ಲ ಎರಡೆರಡು ಬಾರಿ ವಿಚಾರಿಸುತ್ತಾರೆ. ಚಾಲಕರು ಎಷ್ಟು ಹೊತ್ತಿಗೆ ಮಲಗುತ್ತಾರೆ, ಎಲ್ಲಿ ಮಲಗುತ್ತಾರೆ ಎಂದು ಒಮ್ಮೆಯಾದರೂ ಕೇಳುವವರು ಕಡಿಮೆ. ಸಾರಿಗೆ ನಿಗಮದ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಚಾಲಕರು ಎಲ್ಲಿ ಬದಲಾಗಬೇಕು ಎಂಬುದನ್ನು ನಿಗಮವೇ ತೀರ್ಮಾನಿಸುತ್ತದೆ. ಪ್ರವಾಸದ ಬಸ್ಸಿನ ವೇಳಾಪಟ್ಟಿಯನ್ನಾದರೋ ಬಾಡಿಗೆಗೆ ಹಿಡಿದವರೇ ಬರೆಯುತ್ತಾರೆ. ಆದ್ದರಿಂದ ಶಾಲೆಯ ಪ್ರವಾಸದ ಹೊಣೆ ಹೊತ್ತ ಶಿಕ್ಷಕರು, ಮದುವೆಗೆ ಬಸ್ಸು ಮಾಡುವ ಮನೆಯ ಹಿರಿಯರು, ಯಾತ್ರೆಯ ಗುಂಪಿನ ಮುಖಂಡರು, ಇವರೆಲ್ಲರೂ ತಮಗೆ ಅರಿವಿಲ್ಲದಂತೆಯೇ ಚಾಲಕರ ಕೆಲಸದ ಅವಧಿಯನ್ನು ನಿರ್ಧರಿಸುತ್ತಿರುತ್ತಾರೆ. ಆ ಕೆಲಸವನ್ನು ಅರಿತು ಮಾಡುವುದು ಹೇಗೆ ಎಂಬುದನ್ನು ಈ ಲೇಖನ ಹಂತಹಂತವಾಗಿ ವಿವರಿಸುತ್ತದೆ.

ಮೊದಲು ಅಳತೆಗೋಲು ತಿಳಿದಿರಲಿ

ಮೋಟಾರು ವಾಹನ ಕಾಯ್ದೆ, 1988ರ 91ನೇ ಕಲಂ ಸಾರಿಗೆ ವಾಹನದ ಚಾಲಕರ ಕೆಲಸದ ಅವಧಿಯನ್ನು ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1961ಕ್ಕೆ ಜೋಡಿಸಿದೆ. ಆ ಕಾಯ್ದೆಯ ಲೆಕ್ಕ ನೆನಪಿಡಲು ಕಷ್ಟವಾದುದೇನಲ್ಲ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ದೂರದ ಮಾರ್ಗಗಳಲ್ಲಿ ಮತ್ತು ಹಬ್ಬದಂಥ ಸಂದರ್ಭಗಳಲ್ಲಿ ಅಧಿಕಾರಿಗಳ ಅನುಮತಿ ಪಡೆದು ದಿನಕ್ಕೆ 10, ವಾರಕ್ಕೆ 54 ಗಂಟೆಯವರೆಗೆ ವಿಸ್ತರಿಸಬಹುದು. ಸತತ 5 ಗಂಟೆ ಕೆಲಸವಾಗುವುದರೊಳಗೆ ಕನಿಷ್ಠ ಅರ್ಧ ಗಂಟೆ ವಿರಾಮ ಸಿಗಬೇಕು. ಬೆಳಗ್ಗೆ ಕೆಲಸಕ್ಕೆ ಕೂತ ಹೊತ್ತಿನಿಂದ ಕೆಲಸ ಮುಗಿಯುವ ಹೊತ್ತಿನವರೆಗಿನ ಒಟ್ಟು ಅವಧಿ, ನಡುವಿನ ಬಿಡುವುಗಳೂ ಸೇರಿ, 12 ಗಂಟೆ ಮೀರಬಾರದು. ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಶುರುವಾಗುವ ನಡುವೆ ಕನಿಷ್ಠ 9 ಗಂಟೆಗಳ ಅಖಂಡ ವಿಶ್ರಾಂತಿ ಇರಬೇಕು. ವಾರಕ್ಕೊಂದು ರಜೆ, ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ ಇವೂ ಅದರಲ್ಲಿಯೇ ಇವೆ.

ಈ ಹಳೆಯ ಕಾಯ್ದೆ ಈಗ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯೊಳಗೆ ಸೇರಿಹೋಗಿದ್ದು, ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ದಿನಕ್ಕೆ 8 ಗಂಟೆಯ ಮಿತಿಯನ್ನೂ ಎರಡು ಪಟ್ಟು ಓವರ್‌ಟೈಮ್ ಕೂಲಿಯನ್ನೂ ಸಂಹಿತೆಯೇ ಹೇಳುತ್ತದೆ. ವಿರಾಮಗಳು ಎಷ್ಟಿರಬೇಕು, ದಿನದ ಒಟ್ಟು ಹರವು ಎಷ್ಟಿರಬೇಕು ಎಂಬುದನ್ನು ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸಬೇಕೆಂಬ ವ್ಯವಸ್ಥೆ ಅದರಲ್ಲಿದೆ. ಪ್ರವಾಸದ ಆಯೋಜಕರು ಕಾನೂನಿನ ಈ ಸ್ಥಿತ್ಯಂತರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ವೇಳಾಪಟ್ಟಿ ಬರೆಯುವಾಗ 8, 5, 12, 9 ಎಂಬ ನಾಲ್ಕು ಅಂಕಿಗಳನ್ನು ಹಾಳೆಯ ಮೇಲ್ತುದಿಯಲ್ಲಿ ಬರೆದಿಟ್ಟುಕೊಂಡರೆ ಸಾಕು.

ಗಮನಿಸಬೇಕಾದ ಇನ್ನೊಂದು ಅಂಶವಿದೆ. ಕೆಲಸವೆಂದರೆ ಸ್ಟಿಯರಿಂಗ್ ಹಿಡಿದಿರುವ ಹೊತ್ತು ಮಾತ್ರವಲ್ಲ. ಬಸ್ಸು ತೊಳೆಯುವುದು, ಟೈರು ನೋಡುವುದು, ಡೀಸೆಲ್ ಹಾಕಿಸುವುದು, ಲಗೇಜು ಏರಿಸಿ ಇಳಿಸುವುದು, ದೇವಸ್ಥಾನದ ಪಾರ್ಕಿಂಗಿನಲ್ಲಿ ಗಾಡಿ ಹಿಂದೆ ಮುಂದೆ ಸರಿಸುವುದು, ಇವೂ ಕೆಲಸವೇ. ‘ನಾವು ದರ್ಶನಕ್ಕೆ ಹೋದಾಗ ಡ್ರೈವರಿಗೆ ಮೂರು ಗಂಟೆ ರೆಸ್ಟ್ ಸಿಕ್ಕಿತಲ್ಲ’ ಎಂಬ ಸಾಮಾನ್ಯ ವಾದ ಇಲ್ಲಿಯೇ ಬಿದ್ದುಹೋಗುತ್ತದೆ. ಆ ಮೂರು ಗಂಟೆಯಲ್ಲಿ ಅವರು ನಿಜಕ್ಕೂ ಬೀಗ ಹಾಕಿಕೊಂಡು ಮಲಗಿದ್ದರೇ ಎಂಬುದನ್ನು ನೋಡಬೇಕು.

ಬಾಡಿಗೆ ಮಾತಾಡುವಾಗ

ಹೊರ ಊರಿನ ಬಾಡಿಗೆಯನ್ನು ಬಹುತೇಕ ಮಾಲೀಕರು ದಿನಕ್ಕೆ ಇಷ್ಟು ಕನಿಷ್ಠ ಕಿಲೋಮೀಟರ್ ಎಂಬ ಲೆಕ್ಕದಲ್ಲಿ ಹಾಕುತ್ತಾರೆ. ದಿನವೆಂದರೆ ರಾತ್ರಿ 12ರಿಂದ ಮರುರಾತ್ರಿ 12. ಎಲ್ಲ ಅವಸರಕ್ಕೂ ಈ ಲೆಕ್ಕವೇ ಮೂಲವೆಂದು ನನಗನ್ನಿಸುತ್ತದೆ. ಒಂದು ದಿನದ ಬಾಡಿಗೆ ಉಳಿಸಲು ಶುಕ್ರವಾರ ರಾತ್ರಿ ತಡವಾಗಿ ಹೊರಟು, ರಾತ್ರಿಯಿಡೀ ಓಡಿಸಿ, ಶನಿವಾರ ಭಾನುವಾರ ಸುತ್ತಿ, ಭಾನುವಾರ ಮಧ್ಯರಾತ್ರಿಯೊಳಗೆ ಬಸ್ಸು ಬಿಡಬೇಕೆಂದು ಜನ ಲೆಕ್ಕ ಹಾಕುತ್ತಾರೆ. ಉಳಿಯುವ ಹಣ ಬಸ್ಸಿನ ನಲವತ್ತು ಮಂದಿಗೆ ಹಂಚಿದರೆ ತಲೆಗೆ ಬೀಳುವುದು ಅಲ್ಪ, ಅದರ ಬೆಲೆಯನ್ನು ನಿದ್ದೆಗೆಟ್ಟು ತೆರುವವರು ಮಾತ್ರ ಚಾಲಕರೊಬ್ಬರೇ.

ಆದ್ದರಿಂದ ಮುಂಗಡ ಕೊಡುವ ಮುನ್ನ ಮಾಲೀಕರನ್ನು ಕೆಲವು ಪ್ರಶ್ನೆಗಳನ್ನು ನೇರವಾಗಿ ಕೇಳಿ. ‘ನಮ್ಮ ಗಾಡಿಗೆ ಬರುವ ಡ್ರೈವರ್ ಹಿಂದಿನ ದಿನ ಯಾವ ಟ್ರಿಪ್‌ನಲ್ಲಿರುತ್ತಾರೆ, ಎಷ್ಟು ಹೊತ್ತಿಗೆ ಶೆಡ್‌ಗೆ ಬರುತ್ತಾರೆ?’ ಇದು ಮೊದಲನೆಯದು. ಡಿಸೆಂಬರ್, ಜನವರಿಯ ಶಾಲಾ ಪ್ರವಾಸದ ದಿನಗಳಲ್ಲಿ, ಅದೇ ಹೊತ್ತಿಗೆ ಬರುವ ಅಯ್ಯಪ್ಪ ಯಾತ್ರೆಯ ಕಾಲದಲ್ಲಿ, ಒಂದು ಟ್ರಿಪ್ಪಿನಿಂದ ಬೆಳಗ್ಗೆ ಇಳಿದ ಚಾಲಕರೇ ಸಂಜೆ ಇನ್ನೊಂದಕ್ಕೆ ಹತ್ತುವುದು ಅಪರೂಪವಲ್ಲ. ಎರಡನೆಯದು ಶೆಡ್ ಎಲ್ಲಿದೆ ಎಂಬುದು. ನೀವು ಬೆಳಗ್ಗೆ ಐದೂವರೆಗೆ ಜಯನಗರದಲ್ಲಿ ಹತ್ತುವುದಾದರೆ, ಊರಾಚೆಯ ಶೆಡ್ಡಿನಿಂದ ಗಾಡಿ ತರುವ ಚಾಲಕರ ದಿನ ನಾಲ್ಕಕ್ಕೇ ಶುರುವಾಗಿರುತ್ತದೆ. ಐದಾರು ಕಡೆ ಪಿಕಪ್ ಇಟ್ಟುಕೊಂಡರೆ ಊರು ಬಿಡುವುದರೊಳಗೆ ಇನ್ನೊಂದು ಗಂಟೆ ಹೋಗುತ್ತದೆ. ಎಲ್ಲರೂ ಒಂದೇ ಕಡೆ ಬಂದು ಸೇರುವುದು ಒಳ್ಳೆಯದು. ಮೂರನೆಯದು ಬಾಟಾ, ಅಂದರೆ ಚಾಲಕರ ಭತ್ಯೆ: ದಿನಕ್ಕೆ ಎಷ್ಟು, ರಾತ್ರಿ ಹತ್ತರ ನಂತರ ಓಡಿಸಿದರೆ ಎಷ್ಟು, ಅದು ಚಾಲಕರ ಕೈಗೇ ಸೇರುತ್ತದೆಯೇ ಎಂಬುದನ್ನು ಬಾಯಿಮಾತಿನಲ್ಲಿ ಬಿಡದೆ ಬರೆಸಿಕೊಳ್ಳಿ. ರಾತ್ರಿ ಓಡಿಸಿದರಷ್ಟೇ ಹೆಚ್ಚು ಬಾಟಾ ಎಂಬ ಪದ್ಧತಿಯಿದ್ದರೆ ದಣಿದ ಚಾಲಕರೂ ‘ಪರವಾಗಿಲ್ಲ ಸಾರ್, ಹೋಗಿಬಿಡೋಣ’ ಎನ್ನುತ್ತಾರೆ. ರಾತ್ರಿ ತಂಗಿದರೂ ಅಷ್ಟೇ ಹಣ ಕೊಡುವುದಾಗಿ ಮೊದಲೇ ಹೇಳಿದರೆ ಈ ಆಮಿಷ ಇಲ್ಲವಾಗುತ್ತದೆ.

ಹಳದಿ ಬೋರ್ಡ್, ಪರ್ಮಿಟ್, ಎಫ್‌ಸಿ (ವಾಹನದ ಅರ್ಹತಾ ಪತ್ರ), ವಿಮೆ ಇವನ್ನೂ ನೋಡಬೇಕೆನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ವೇಳಾಪಟ್ಟಿ ಬರೆಯುವುದು

ಒಂದು ಹಾಳೆಯಲ್ಲಿ ಎರಡು ಸಾಲು ಎಳೆಯಿರಿ. ಎಡಗಡೆ ಪ್ರಯಾಣಿಕರ ಕಾರ್ಯಕ್ರಮ, ಬಲಗಡೆ ಅದೇ ಹೊತ್ತಿನಲ್ಲಿ ಚಾಲಕರು ಏನು ಮಾಡುತ್ತಿರುತ್ತಾರೆ ಎಂಬುದು. ಬಲಗಡೆಯಲ್ಲಿ ಮೊದಲು ರಾತ್ರಿಯ 9 ಗಂಟೆಗಳ ವಿಶ್ರಾಂತಿಯನ್ನು ಬರೆದು ಅದರ ಸುತ್ತ ಗೆರೆ ಹಾಕಿ, ಆಮೇಲೆ ಉಳಿದದ್ದನ್ನು ತುಂಬಿ. ಜಾಗಗಳ ಪಟ್ಟಿಯನ್ನು ಮೊದಲು ಬರೆದು ಕೊನೆಗೆ ನಿದ್ದೆಗೆ ಜಾಗ ಹುಡುಕಿದರೆ ಅದು ಸಿಗುವುದಿಲ್ಲ.

ಬೆಂಗಳೂರಿನವರ ಮಾಮೂಲಿ ಯಾತ್ರೆಯಾದ ಕುಕ್ಕೆ, ಧರ್ಮಸ್ಥಳವನ್ನೇ ತೆಗೆದುಕೊಳ್ಳೋಣ. ಧರ್ಮಸ್ಥಳ ಸುಮಾರು 300 ಕಿಲೋಮೀಟರ್ ದೂರ. ಶಿರಾಡಿ ಘಾಟಿ ಸೇರಿ ದೊಡ್ಡ ಬಸ್ಸಿಗೆ ಏಳೆಂಟು ಗಂಟೆಯ ದಾರಿ. ಶುಕ್ರವಾರ ರಾತ್ರಿ ಹತ್ತಕ್ಕೆ ಹೊರಡುವ ರೂಢಿಯ ವೇಳಾಪಟ್ಟಿಯಲ್ಲಿ ಬಲಗಡೆಯ ಸಾಲನ್ನು ತುಂಬಿ ನೋಡಿ. ಅಂದು ಬೆಳಗ್ಗೆ ಐದಕ್ಕೆ ಎದ್ದ ಚಾಲಕರು ರಾತ್ರಿ ಹತ್ತಕ್ಕೆ ಗಾಡಿ ಎತ್ತುವಾಗ 17 ಗಂಟೆಗಳಿಂದ ಎಚ್ಚರವಾಗಿರುತ್ತಾರೆ. ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ, ಸುಮಾರು 17 ಗಂಟೆ ಎಚ್ಚರವಿದ್ದವರ ಚುರುಕುತನವು ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯಸಾರ ಇರುವವರ ಮಟ್ಟಕ್ಕೆ ಇಳಿದಿರುತ್ತದೆ. ನಮ್ಮ ಕಾನೂನು ಮದ್ಯಪಾನ ಮಾಡಿ ವಾಹನ ಓಡಿಸಿದ್ದಕ್ಕೆ ಕೇಸು ಹಾಕುವುದು 30 ಮಿಲಿಗ್ರಾಂ ದಾಟಿದಾಗ. ಅಂದರೆ ಪ್ರಯಾಣಿಕರು ‘ಗೋವಿಂದಾ’ ಎಂದು ಹೊರಡುವ ಹೊತ್ತಿಗೇ ಚಾಲಕರ ದೇಹ ಆ ಮಿತಿಯನ್ನು ಮೀರಿದ ಸ್ಥಿತಿಯಲ್ಲಿರುತ್ತದೆ, ಘಾಟಿ ಇಳಿಯುವುದೋ ಅದಕ್ಕಿಂತ ನಾಲ್ಕೈದು ಗಂಟೆ ತಡವಾಗಿ, ನಿದ್ದೆ ಅತಿ ಹೆಚ್ಚು ಒತ್ತಿ ಬರುವ ಬೆಳಗಿನ ಜಾವದಲ್ಲಿ.

ಬದಲಿಗೆ ಶನಿವಾರ ಬೆಳಗ್ಗೆ ಐದೂವರೆಗೆ ಹೊರಡೋಣ. ಎಂಟೂವರೆಗೆ ಚನ್ನರಾಯಪಟ್ಟಣದ ಆಸುಪಾಸಿನಲ್ಲಿ ತಿಂಡಿಗೆ ಮುಕ್ಕಾಲು ಗಂಟೆ, ಹನ್ನೊಂದರ ಹೊತ್ತಿಗೆ ಸಕಲೇಶಪುರದಲ್ಲಿ ಕಾಫಿಗೆ ಕಾಲು ಗಂಟೆ, ಘಾಟಿ ಇಳಿದು ಗುಂಡ್ಯದಲ್ಲಿ ತಿರುಗಿ ಒಂದೂವರೆಯೊಳಗೆ ಕುಕ್ಕೆ. ಚಾಲಕರ ಓಡಾಟ ಏಳು ಗಂಟೆಯೊಳಗಾಯಿತು. ಗಾಡಿ ತಂದದ್ದು, ಹೊರಡುವ ಮುನ್ನ ಪರೀಕ್ಷಿಸಿದ್ದು ಸೇರಿ ಸುಮಾರು ಎಂಟು. ಅಂದು ರಾತ್ರಿ ಅಲ್ಲಿಯೇ ತಂಗಬೇಕು. ‘ಇನ್ನು ಐವತ್ತೈದು ಕಿಲೋಮೀಟರ್ ತಾನೆ, ಸಂಜೆಗೇ ಧರ್ಮಸ್ಥಳ ಮುಟ್ಟಿಬಿಡೋಣ’ ಎಂದರೆ ಎಂಟು, ಹನ್ನೆರಡು ಎರಡೂ ಅಂಕಿಗಳು ಒಡೆದುಹೋಗುತ್ತವೆ.

ಭಾನುವಾರದ ಲೆಕ್ಕ ಇನ್ನೂ ಬಿಗಿ. ಬೆಳಗ್ಗೆ ಏಳಕ್ಕೆ ಕುಕ್ಕೆ ಬಿಟ್ಟು, ಎಂಟೂವರೆಗೆ ಧರ್ಮಸ್ಥಳ ಸೇರಿ, ದರ್ಶನ, ಅನ್ನಪೂರ್ಣದಲ್ಲಿ ಊಟ ಮುಗಿಸಿ ಹನ್ನೆರಡೂವರೆಗೆ ಹೊರಟರೂ ಬೆಂಗಳೂರು ತಲುಪುವಾಗ ರಾತ್ರಿ ಒಂಬತ್ತು. ಒಬ್ಬರೇ ಚಾಲಕರಿಗೆ ಅದು ಹದಿನಾಲ್ಕು ಗಂಟೆ ದಾಟುವ ದಿನ. ಎರಡು ದಿನದ ಕುಕ್ಕೆ, ಧರ್ಮಸ್ಥಳ ಯಾತ್ರೆ ಒಬ್ಬ ಚಾಲಕರಿಗೆ ಹೊಂದುವುದೇ ಇಲ್ಲ ಎಂಬ ಅಪ್ರಿಯ ಸತ್ಯ ಹಾಳೆಯ ಮೇಲೆ ಬಂದಾಗಲೇ ಕಾಣುತ್ತದೆ. ದಾರಿಗಳು ಎರಡಿವೆ: ಸೋಮವಾರ ಬೆಳಗ್ಗೆ ವಾಪಸು ಹೊರಡುವುದು, ಇಲ್ಲವೇ ವಾಪಸು ಬರುವಾಗ ಹಾಸನದಲ್ಲಿ ಇನ್ನೊಬ್ಬ ಚಾಲಕರನ್ನು ಹತ್ತಿಸಿಕೊಳ್ಳುವುದು. ಎರಡನೆಯದಕ್ಕೆ ಮಾಲೀಕರು ಒಬ್ಬರನ್ನು ಅಂದು ಮಧ್ಯಾಹ್ನ ರೈಲಿನಲ್ಲೋ ಬಸ್ಸಿನಲ್ಲೋ ಹಾಸನಕ್ಕೆ ಕಳಿಸಿದರಾಯಿತು. ಅದರ ಖರ್ಚು ಒಂದು ದಿನದ ಬಸ್ ಬಾಡಿಗೆಗಿಂತ ಬಹಳ ಕಡಿಮೆ. ಮೊದಲ ಚಾಲಕರು ಅಲ್ಲಿಂದ ಸೀಟಿನಲ್ಲಿ ಕೂತು ಬರುತ್ತಾರೆ, ಆದ್ದರಿಂದ ಒಂದು ಸೀಟು ಖಾಲಿಯಿಟ್ಟುಕೊಂಡೇ ಜನರನ್ನು ಸೇರಿಸಬೇಕು.

ದಾರಿಯ ನಿರ್ಬಂಧಗಳೂ ಹಾಳೆಗೆ ಬರಬೇಕು. ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರವಿಲ್ಲ. 2009ರಿಂದ ಈ ನಿಷೇಧವಿದೆ. ಊಟಿಯಿಂದ ಸಂಜೆಯವರೆಗೂ ಹೊರಡದ ಗುಂಪಿನ ಚಾಲಕರು ಗೂಡಲೂರಿನ ತಿರುವುಗಳಲ್ಲಿ ಗಡಿಯಾರ ನೋಡುತ್ತ ಓಡಿಸಬೇಕಾಗುತ್ತದೆ. ಊಟಿಯನ್ನು ಮಧ್ಯಾಹ್ನವೇ ಬಿಡಿ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಮಣ್ಣು ಕುಸಿದರೆ ಬಳಸು ದಾರಿ ಹಿಡಿಯಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿಯ ದಿನಗಳಿಗೆ ಎರಡು ಗಂಟೆ ಹೆಚ್ಚು ಸೇರಿಸಿ.

ಮಲಗುವ ಜಾಗ

ಯಾತ್ರಾಸ್ಥಳದ ಪಾರ್ಕಿಂಗಿನಲ್ಲಿ ರಾತ್ರಿ ಹನ್ನೊಂದರ ನಂತರ ಒಂದು ಸುತ್ತು ಹಾಕಿದರೆ ಚಾಲಕರು ಎಲ್ಲಿ ಮಲಗುತ್ತಾರೆಂಬುದು ತಿಳಿಯುತ್ತದೆ. ಬಸ್ಸಿನ ಪಕ್ಕದ ಡಿಕ್ಕಿಯ ಬಾಗಿಲನ್ನು ಅರ್ಧ ಎತ್ತಿ, ಅದು ತಾನಾಗಿ ಬೀಳದಂತೆ ಜಾಕಿಯ ರಾಡನ್ನು ಅಡ್ಡ ಕೊಟ್ಟಿರುತ್ತಾರೆ. ಒಳಗೆ ಸ್ಟೆಪ್ನಿಗೂ ಸೂಟ್‌ಕೇಸುಗಳಿಗೂ ನಡುವೆ ಚಾಪೆ, ಅದರ ಮೇಲೆ ಒಂದು ಹೊದಿಕೆ, ಚಾರ್ಜಿನ ಪುಟ್ಟ ಫ್ಯಾನ್, ಸೊಳ್ಳೆಬತ್ತಿ. ಎಂಜಿನ್ ಆರಿ ಗಂಟೆಗಳಾದರೂ ತಗಡು ಬಿಸಿಯಾಗಿರುತ್ತದೆ. ನಾಲ್ಕು ಗಂಟೆಗೆ ಯಾರೋ ಬಂದು, ‘ಅಣ್ಣ, ಮಗುವಿನ ಹಾಲಿನ ಪುಡಿ ಆ ನೀಲಿ ಬ್ಯಾಗಿನಲ್ಲಿದೆ’ ಎಂದು ಎಬ್ಬಿಸುತ್ತಾರೆ. ಇದನ್ನು ಒಂಬತ್ತು ಗಂಟೆಗಳ ವಿಶ್ರಾಂತಿಯೆಂದು ಹಾಳೆಯಲ್ಲಿ ಬರೆಯಲಾಗದು.

ಚಾಲಕರು ರಾತ್ರಿ ತಂಗಬೇಕಾದ ಸ್ಥಳಗಳಲ್ಲಿ ಉದ್ಯೋಗದಾತರು ವಿಶ್ರಾಂತಿ ಕೊಠಡಿ ಒದಗಿಸಬೇಕೆಂಬ ಕಲ್ಪನೆ 1961ರ ಕಾಯ್ದೆಯಲ್ಲಿಯೇ ಇತ್ತು. ಒಂದೆರಡು ಬಸ್ಸಿನ ಮಾಲೀಕರು ಊರೂರಲ್ಲಿ ಕೊಠಡಿ ಕಟ್ಟಿಸುವುದು ಅಸಾಧ್ಯ, ಆದ್ದರಿಂದ ಇದು ಆಯೋಜಕರ ಪಾಲಿಗೇ ಬರುತ್ತದೆ. ವಸತಿಗೃಹ ಕಾದಿರಿಸುವಾಗಲೇ ಚಾಲಕರಿಗೂ ಕ್ಲೀನರಿಗೂ ಒಂದು ಕೋಣೆ ಸೇರಿಸಿ. ‘ಡ್ರೈವರ್ ಡಾರ್ಮಿಟರಿ ಇದೆ ಸಾರ್’ ಎಂದು ಹೋಟೆಲಿನವರು ಹೇಳಿದರೆ ಅಲ್ಲಿ ಮಂಚ, ಫ್ಯಾನು, ಸ್ನಾನಕ್ಕೆ ನೀರು ಇವೆಯೇ ಎಂದು ಕೇಳಿ. ಕೆಲವು ಕಡೆ ಅದು ಜನರೇಟರ್ ಪಕ್ಕದ ಶೆಡ್ ಆಗಿರುತ್ತದೆ. ರಾತ್ರಿ ಬೇಕಾಗುವ ಔಷಧಿ, ಹಾಲಿನ ಪುಡಿ, ಸ್ವೆಟರ್‌ಗಳನ್ನೆಲ್ಲ ಕೋಣೆಗೆ ಒಯ್ಯುವಂತೆ ಬಸ್ಸು ಇಳಿಯುವ ಮುನ್ನವೇ ಎಲ್ಲರಿಗೂ ಹೇಳಿ, ಆಮೇಲೆ ಡಿಕ್ಕಿ ಬೆಳಗ್ಗೆಯೇ ತೆರೆಯುವುದು ಎಂದು ಸ್ಪಷ್ಟಪಡಿಸಿ.

ಶಬರಿಮಲೆಗೆ ಹೋಗುವವರಿಗೆ ಒಂದು ಮಾತು. ದೊಡ್ಡ ಬಸ್ಸುಗಳು ನಿಲಕ್ಕಲ್‌ನಲ್ಲಿ ನಿಲ್ಲುತ್ತವೆ, ಸ್ವಾಮಿಗಳು ಪಂಪೆಗೆ ಹೋಗಿ ಬೆಟ್ಟ ಹತ್ತಿ ಇಳಿದು ಬರುವುದರೊಳಗೆ ಚಾಲಕರಿಗೆ ದೀರ್ಘ ಬಿಡುವು ಸಿಗುತ್ತದೆ. ಆದರೆ ಹಗಲು ಬಿಸಿಲಿನಲ್ಲಿ ನಿಂತ ಬಸ್ಸಿನೊಳಗೆ ನಿದ್ದೆ ಹತ್ತುವುದಿಲ್ಲ. ಗುಂಪು ರಾತ್ರಿ ಹೊತ್ತು ಬೆಟ್ಟದಲ್ಲಿರುವಂತೆ ನೋಡಿಕೊಂಡು, ವಾಪಸು ಬಂದ ಕೂಡಲೇ ಹೊರಡುವ ಬದಲು ಬೆಳಗಾದ ಮೇಲೆ ಹೊರಟರೆ ಆ ಬಿಡುವು ನಿಜವಾದ ವಿಶ್ರಾಂತಿಯಾಗುತ್ತದೆ.

ದಾರಿಯಲ್ಲಿ

ಗುಂಪಿನಿಂದ ಒಬ್ಬರನ್ನು ಬಸ್ಸಿನ ಹೊಣೆಗಾರರನ್ನಾಗಿ ನೇಮಿಸಿ, ಅವರು ಮುಂದಿನ ಸೀಟಿನಲ್ಲಿ ಕೂರಲಿ. ನಿಲ್ಲಿಸುವ, ಹೊರಡುವ ಮಾತುಗಳೆಲ್ಲ ಅವರ ಮೂಲಕವೇ ಚಾಲಕರಿಗೆ ತಲುಪಬೇಕು. ನಲವತ್ತು ಮಂದಿ ಸರದಿಯಲ್ಲಿ ಬಂದು ‘ಇನ್ನೆಷ್ಟು ದೂರ’ ಎಂದು ಕೇಳುವುದೂ ಒಂದು ಬಗೆಯ ಒತ್ತಡವೇ. 1961ರ ಕಾಯ್ದೆ ಐದು ಗಂಟೆಗೊಮ್ಮೆ ಅರ್ಧ ಗಂಟೆ ಎನ್ನುತ್ತಿತ್ತು. ಯುರೋಪಿನ ಒಕ್ಕೂಟದಲ್ಲಿ ನಾಲ್ಕೂವರೆ ಗಂಟೆಯ ಚಾಲನೆಗೆ 45 ನಿಮಿಷ ಬಿಡುವು ಕಡ್ಡಾಯ, ಬಸ್ಸಿನಲ್ಲಿರುವ ಟ್ಯಾಕೋಗ್ರಾಫ್ ಯಂತ್ರ ಅದನ್ನು ದಾಖಲಿಸುತ್ತದೆ. ನಮ್ಮ ರಸ್ತೆಗಳಲ್ಲಿ ಎರಡೂವರೆ ಮೂರು ಗಂಟೆಗೊಮ್ಮೆ ಇಳಿಸುವುದೇ ಸರಿ, ಹೇಗೂ ಪ್ರಯಾಣಿಕರಿಗೂ ಅಷ್ಟೊತ್ತಿಗೆ ಬೇಕಾಗಿರುತ್ತದೆ.

ಊಟದ ಹೋಟೆಲನ್ನು ಯಾರು ಆರಿಸುತ್ತಾರೆಂಬುದೂ ಮುಖ್ಯ. ಬಸ್ಸು ತಂದ ಚಾಲಕರಿಗೆ ಹೆದ್ದಾರಿಯ ಹಲವು ಹೋಟೆಲುಗಳಲ್ಲಿ ಊಟ ಬಿಟ್ಟಿ. ಹಾಗಾಗಿ ಹಸಿವಾದಾಗಲ್ಲ, ಆ ಹೋಟೆಲು ಬಂದಾಗ ಬಸ್ಸು ನಿಲ್ಲುತ್ತದೆ. ಇದಕ್ಕಾಗಿ ಚಾಲಕರನ್ನು ದೂರುವವರು ಅವರ ಊಟದ ದುಡ್ಡನ್ನು ತಾವು ಕೊಟ್ಟಿದ್ದೇವೆಯೇ ಎಂದು ಮೊದಲು ನೋಡಿಕೊಳ್ಳಲಿ.

ನಿದ್ದೆಯ ಲಕ್ಷಣಗಳನ್ನು ಮುಂದೆ ಕೂತವರು ಗುರುತಿಸಬಹುದು. ಮೇಲಿಂದ ಮೇಲೆ ಆಕಳಿಕೆ, ಕತ್ತು ಕಣ್ಣು ಉಜ್ಜಿಕೊಳ್ಳುವುದು, ಕಾರಣವಿಲ್ಲದೆ ವೇಗ ಏರಿಳಿಯುವುದು, ಗಾಡಿ ಬಿಳಿ ಗೆರೆಯತ್ತ ಸರಿದು ತಟ್ಟನೆ ಒಳಗೆ ಬರುವುದು, ಹಂಪ್ ಕಂಡಮೇಲೂ ತಡವಾಗಿ ಬ್ರೇಕ್ ಒತ್ತುವುದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡು ರೆಪ್ಪೆ ಮುಚ್ಚಿದರೆ ಬಸ್ಸು ಸುಮಾರು 90 ಮೀಟರ್ ಯಾರ ಹಿಡಿತವೂ ಇಲ್ಲದೆ ಓಡಿರುತ್ತದೆ. ಬೆಳಗಿನ ಜಾವ ಎರಡರಿಂದ ಆರು ಹೆಚ್ಚು ಅಪಾಯದ ಹೊತ್ತು. ಮಧ್ಯಾಹ್ನ ಊಟದ ನಂತರದ ಎರಡರಿಂದ ನಾಲ್ಕನ್ನೂ ಹಗುರವಾಗಿ ಕಾಣಬಾರದು. ಈ ಲಕ್ಷಣಗಳು ಕಂಡಾಗ ಮುಖಕ್ಕೆ ನೀರು, ಜೋರು ಹಾಡು, ಎಲೆ ಅಡಿಕೆ, ಪಕ್ಕದಲ್ಲಿ ಕೂತು ಹರಟೆ, ಇವು ಕೆಲವೇ ನಿಮಿಷದ ಉಪಾಯಗಳು. ಮಾಡಬೇಕಾದದ್ದು ಇಷ್ಟು: ಬೆಳಕಿರುವ ಪೆಟ್ರೋಲ್ ಬಂಕ್ ಅಥವಾ ಹೋಟೆಲಿನ ಅಂಗಳದಲ್ಲಿ ನಿಲ್ಲಿಸಿ, ಚಾಲಕರು ಒಂದು ಲೋಟ ಕಾಫಿ ಕುಡಿದು ತಕ್ಷಣವೇ ಇಪ್ಪತ್ತು ನಿಮಿಷ ಮಲಗಲಿ. ಕಾಫಿಯ ಪರಿಣಾಮ ಅರ್ಧ ಗಂಟೆಯ ಹೊತ್ತಿಗೆ ಶುರುವಾಗುವುದರಿಂದ ಎರಡೂ ಒಟ್ಟಿಗೆ ಕೂಡಿಬರುತ್ತವೆ. ಎದ್ದ ಮೇಲೆ ಹತ್ತು ನಿಮಿಷ ಓಡಾಡಿಯೇ ಗಾಡಿ ಎತ್ತಬೇಕು. ಜಾವದ ಹೊತ್ತಾದರೆ ಬೆಳಕು ಹರಿಯುವವರೆಗೆ ಅಲ್ಲಿಯೇ ಇರುವುದು ಲೇಸು.

‘ಡಬಲ್ ಡ್ರೈವರ್ ಇದ್ದಾರೆ’ ಎಂಬ ಭರವಸೆಯನ್ನೂ ಪರೀಕ್ಷಿಸಬೇಕು. ಓಡುವ ಬಸ್ಸಿನ ಕ್ಯಾಬಿನ್‌ನಲ್ಲಿ, ಹಾರ್ನ್ ಮತ್ತು ಹಂಪುಗಳ ನಡುವೆ ಒರಗಿದವರು ಪೂರ್ತಿ ನಿದ್ದೆ ಮಾಡಿರುವುದಿಲ್ಲ. ಯುರೋಪಿನ ನಿಯಮಗಳಲ್ಲಿ ಓಡುತ್ತಿರುವ ವಾಹನದಲ್ಲಿ ಕಳೆದ ಹೊತ್ತು ದಿನದ ವಿಶ್ರಾಂತಿಯ ಲೆಕ್ಕಕ್ಕೆ ಸೇರುವುದೇ ಇಲ್ಲ. ಇನ್ನು ಕೆಲವು ಕಡೆ ಎರಡನೆಯ ಡ್ರೈವರ್ ಎಂದರೆ ಲೈಸೆನ್ಸ್ ಇಲ್ಲದ ಕ್ಲೀನರ್ ಹುಡುಗ. ಹೊರಡುವ ಮುನ್ನ ಇಬ್ಬರ ಡಿಎಲ್‌ಗಳನ್ನೂ ನೋಡಿ, ದೊಡ್ಡ ಬಸ್ಸು ಓಡಿಸಲು ಅನುಮತಿ ಇದೆಯೇ, ಅವಧಿ ಮುಗಿದಿಲ್ಲವೇ ಎಂದು ಖಚಿತಪಡಿಸಿಕೊಳ್ಳಿ.

ಮಾಲೀಕರು ಫೋನಿನಲ್ಲಿ ‘ನಾಳೆ ಬೆಳಗ್ಗೆ ಗಾಡಿ ಬೇರೆ ಟ್ರಿಪ್ಪಿಗೆ ಬೇಕು, ಇವತ್ತೇ ಬನ್ನಿ’ ಎಂದು ಒತ್ತಾಯಿಸಿದರೆ ಚಾಲಕರು ಎದುರಾಡಲಾರರು. ಆಗ ಫೋನನ್ನು ಹೊಣೆಗಾರರು ತೆಗೆದುಕೊಂಡು, ನಿಲ್ಲಿಸುವ ತೀರ್ಮಾನ ತಮ್ಮದೆಂದು ಹೇಳಬೇಕು. ಚಾಲಕರ ಮೇಲೆ ಮಾತು ಬರದಂತೆ ಅದನ್ನೇ ಒಂದು ಸಂದೇಶವಾಗಿಯೂ ಕಳಿಸಬೇಕು. ಹೆದ್ದಾರಿಯಲ್ಲಿ ಬಸ್ಸು ಕೆಟ್ಟು ನಿಂತರೆ 1033, ತುರ್ತಿಗೆ 112 ಸಂಖ್ಯೆಗಳು ಎಲ್ಲರ ಫೋನಿನಲ್ಲೂ ಇರಲಿ. ರಿಪೇರಿಗೆ ರಾತ್ರಿ ಹಿಡಿದರೆ ಆ ಹೊತ್ತೂ ಚಾಲಕರ ಕೆಲಸದ ಹೊತ್ತೇ. ಮರುದಿನದ ಕಾರ್ಯಕ್ರಮದಲ್ಲಿ ಒಂದು ಜಾಗ ಕೈಬಿಡಬೇಕಾಗುತ್ತದೆ.

ಚಾಲಕರಿಗೆ

ಈ ಲೇಖನವನ್ನು ಚಾಲಕರೂ ಓದಬಹುದಾದ್ದರಿಂದ ಎರಡು ಮಾತು. ಟ್ರಿಪ್ ಶೀಟ್ ಮಾಲೀಕರ ಲೆಕ್ಕಕ್ಕೆ. ನಿಮ್ಮ ಲೆಕ್ಕಕ್ಕೆ ಒಂದು ಸಣ್ಣ ಪುಸ್ತಕ ಬೇರೆಯೇ ಇರಲಿ. ದಿನಾಂಕ, ಶೆಡ್ ಬಿಟ್ಟ ಹೊತ್ತು, ಮೀಟರ್ ರೀಡಿಂಗ್, ವಿರಾಮಗಳು, ಗಾಡಿ ನಿಲ್ಲಿಸಿದ ಹೊತ್ತು, ಬಂದ ಬಾಟಾ ಇಷ್ಟನ್ನು ಅಂದಂದೇ ಬರೆದಿಡಿ. ಓವರ್‌ಟೈಮ್ ಕೇಳುವಾಗಲೂ, ಅಪಘಾತದ ನಂತರ ಪೊಲೀಸರೋ ವಿಮೆಯವರೋ ಪ್ರಶ್ನಿಸುವಾಗಲೂ ಮಾತಿಗಿಂತ ಆ ಪುಸ್ತಕಕ್ಕೆ ತೂಕ ಹೆಚ್ಚು. ಹೊಸ ಸಂಹಿತೆಯ ಪ್ರಕಾರ ನೇಮಕಾತಿ ಪತ್ರ ಕೊಡುವುದು ಉದ್ಯೋಗದಾತರ ಕರ್ತವ್ಯ, ಅದನ್ನು ಕೇಳಿ ಪಡೆಯಿರಿ. ಖಾಸಗಿ ಸಾರಿಗೆಯಲ್ಲಿ ದುಡಿಯುವವರಿಗಾಗಿ ರಾಜ್ಯ ಸರ್ಕಾರ 2024ರಲ್ಲಿ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣದ ಪ್ರತ್ಯೇಕ ಕಾನೂನು ಮಾಡಿದೆ. ನೋಂದಣಿಗೆ ಏನೇನು ಬೇಕೆಂದು ನಿಮ್ಮ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿ.

ವಾಪಸು ಬಂದ ಮೇಲೆ

ಮನೆಮುಂದೆ ಇಳಿದಾಗ ಪ್ರಯಾಣಿಕರ ಪ್ರವಾಸ ಮುಗಿಯುತ್ತದೆ, ಚಾಲಕರ ಕೆಲಸ ಮುಗಿದಿರುವುದಿಲ್ಲ. ಉಳಿದವರನ್ನು ಇಳಿಸಿ, ಖಾಲಿ ಗಾಡಿಯನ್ನು ಶೆಡ್ ಸೇರಿಸಿ, ಒಳಗೆಲ್ಲ ಗುಡಿಸಬೇಕು. ತಿಂಡಿಯ ಪೊಟ್ಟಣ, ನೀರಿನ ಬಾಟಲಿಗಳನ್ನು ಪ್ರಯಾಣಿಕರೇ ಒಂದು ಚೀಲಕ್ಕೆ ತುಂಬಿದರೆ ಚಾಲಕರ ಅರ್ಧ ಗಂಟೆ ಉಳಿಯುತ್ತದೆ. ಬಾಟಾ ಬಾಕಿಯಿದ್ದರೆ ಅಲ್ಲಿಯೇ ಅವರ ಕೈಗೆ ಕೊಟ್ಟು, ಕೊಟ್ಟ ಮೊತ್ತವನ್ನು ಮಾಲೀಕರಿಗೆ ಸಂದೇಶದಲ್ಲಿ ತಿಳಿಸಿ. ಎರಡು ಸಾಲಿನ ಆ ಹಾಳೆಯಲ್ಲಿ ಬಸ್ಸು ನಿಜಕ್ಕೂ ಎಷ್ಟು ಹೊತ್ತಿಗೆ ಎಲ್ಲಿ ತಲುಪಿತೆಂಬುದನ್ನು ಪೆನ್ನಿನಲ್ಲಿ ತಿದ್ದಿ ಇಟ್ಟುಕೊಂಡರೆ, ಮುಂದಿನ ವರ್ಷ ಅದೇ ದಾರಿಗೆ ಬಸ್ಸು ಮಾಡುವವರಿಗೆ ಗೂಗಲ್ ಮ್ಯಾಪ್ ತೋರಿಸುವ ಕಾರಿನ ಸಮಯದ ಬದಲು ಬಸ್ಸಿನ ಸಮಯ ಸಿಗುತ್ತದೆ.